ಒಹಾಯೊ ಮನೆಗಳ ಅನುಪಾತ: ಸಿಓಡಿ 3.3, ಪಿಆರ್‌ಡಿ 1.046. ಲೆಕ್ಕ ಎಲ್ಲಿ ತಪ್ಪಿದೆ?

ಪ್ರಶ್ನೆ
ಅಮೆರಿಕದ ಒಹಾಯೊ ರಾಜ್ಯದ ಒಂದು ಕೌಂಟಿಯ (ನಮ್ಮ ಜಿಲ್ಲೆ ಥರ) ತೆರಿಗೆ ಮೌಲ್ಯವನ್ನು ಮಾರಾಟ ಬೆಲೆಯ ಜೊತೆ ಹೋಲಿಸ್ತಿದ್ದೀನಿ. ಮಾದರಿಗೆ ಐದು ಮನೆ, ಸಾವಿರ ಡಾಲರ್‌ಗಳಲ್ಲಿ. ಮಾರಾಟ: 100, 150, 200, 250, 400. ತೆರಿಗೆ ಮೌಲ್ಯ: 42, 57.75, 70, 84, 126. ಅನುಪಾತದ (ತೆರಿಗೆ ಮೌಲ್ಯ ಭಾಗಿಸು ಮಾರಾಟ ಬೆಲೆ) ಮಧ್ಯಾಂಕ 0.35. ಎಕ್ಸೆಲ್‌ನ ಅವೆಡೆವ್ ಫಂಕ್ಷನ್ (AVEDEV) 0.033 ಕೊಟ್ಟಿತು, ಹಾಗಾಗಿ ಸಿಓಡಿ (COD, ಅನುಪಾತಗಳು ಮಧ್ಯಾಂಕದ ಸುತ್ತ ಎಷ್ಟು ಚದುರಿವೆ ಅನ್ನೋ ಅಳತೆ) 3.3. ಪಿಆರ್‌ಡಿ 1.046. ಇದು (PRD) ಅಗ್ಗದ, ದುಬಾರಿ ಮನೆಗಳಿಗೆ ಒಂದೇ ಮಟ್ಟದಲ್ಲಿ ಬೆಲೆ ಕಟ್ಟಿದ್ದಾರಾ ಅಂತ ತೋರಿಸೋ ಅಳತೆ. ಸಿಓಡಿ ಚೆನ್ನಾಗಿದೆ, ಪಿಆರ್‌ಡಿ ಕೆಟ್ಟಿದೆ. ಮನೆಗಳಿಗೆ ಮೂರನೇ ಒಂದು ಭಾಗದಷ್ಟೇ ಬೆಲೆ ಕಟ್ಟಿದ್ದಾರಾ?

ಉತ್ತರ
0.35 ತಪ್ಪಲ್ಲ ಸರ್. ಒಹಾಯೊದಲ್ಲಿ ತೆರಿಗೆ ಮೌಲ್ಯ ಅಂದರೆ ಮಾರುಕಟ್ಟೆ ಮೌಲ್ಯದ 35%. ಕೌಂಟಿ ಆಡಿಟರ್ (ಅಲ್ಲಿ ಆಸ್ತಿ ಮೌಲ್ಯ ನಿಗದಿ ಮಾಡೋ ಅಧಿಕಾರಿ) ಕಡತದಲ್ಲಿ ಪೂರ್ತಿ ಮೌಲ್ಯದ ಕಾಲಂ ಬೇರೆ ಇರುತ್ತೆ, ಅದನ್ನೇ ತಗೊಳ್ಳಿ: 120, 165, 200, 240, 360. ಅನುಪಾತ 1.20, 1.10, 1.00, 0.96, 0.90, ಮಧ್ಯಾಂಕ 1.00.

ಎಡವಟ್ಟಾಗಿರೋದು ಸಿಓಡಿಯಲ್ಲಿ. ಅವೆಡೆವ್ ಸರಾಸರಿಯಿಂದ ದೂರ ಅಳೆಯುತ್ತೆ; ನಮಗೆ ಬೇಕಾದ್ದು ಮಧ್ಯಾಂಕದಿಂದ. ಅದರ ಮೇಲೆ ನೀವು ಮಧ್ಯಾಂಕದಿಂದ ಭಾಗಿಸೋದನ್ನೇ ಬಿಟ್ಟಿದ್ದೀರಿ, 35% ಕಾಲಂ ಬೇರೆ, ಹಾಗಾಗಿ ಮೂರನೇ ಒಂದಕ್ಕೆ ಕುಗ್ಗಿತು. ಪಕ್ಕದ ಕಾಲಂನಲ್ಲಿ ಅನುಪಾತದಿಂದ ಮಧ್ಯಾಂಕ ಕಳೆದು, ಮೈನಸ್ ಚಿಹ್ನೆ ತೆಗೆದು, ಸರಾಸರಿ ಮಾಡಿ: 0.44 ಭಾಗಿಸು 5, ಅಂದರೆ 0.088. ಮಧ್ಯಾಂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ 8.8. ಮನೆಗಳಿಗೆ ಐಎಎಎಓ (IAAO, ಆಸ್ತಿ ಮೌಲ್ಯಮಾಪಕರ ಅಂತರರಾಷ್ಟ್ರೀಯ ಸಂಘ) ಮಾನದಂಡ 5ರಿಂದ 15, ಹೊಸ ಒಂದೇ ಥರದ ಬಡಾವಣೆಗೆ 5ರಿಂದ 10. 5ಕ್ಕಿಂತ ಕೆಳಗೆ ಬಂದರೆ ಖುಷಿಪಡಬೇಡಿ, ಅನುಮಾನಪಡಿ: ಮಾರಾಟವಾದ ಮನೆಗಳ ಮೌಲ್ಯವನ್ನಷ್ಟೇ ಮಾರಿದ ಬೆಲೆಗೆ ಸರಿಹೊಂದಿಸಿರಬಹುದು. ಅದಕ್ಕೇ ಮಾರಾಟಕ್ಕೆ ಮುಂಚೆ ದಾಖಲೆಯಲ್ಲಿದ್ದ ಮೌಲ್ಯವನ್ನೇ ಬಳಸಬೇಕು.

ನಿಮ್ಮ ಪಿಆರ್‌ಡಿ ಸರಿ ಇದೆ. ಸಾದಾ ಸರಾಸರಿ 1.032, ಒಟ್ಟು ಮೌಲ್ಯ 1085ನ್ನು ಒಟ್ಟು ಮಾರಾಟ 1100ರಿಂದ ಭಾಗಿಸಿದರೆ 0.986, ಭಾಗಲಬ್ಧ 1.046. 35% ಕಾಲಂ ಹಾಕಿದರೂ ಎರಡೂ ಸಮವಾಗಿ ಕುಗ್ಗೋದರಿಂದ ಇದು ಬದಲಾಗಲ್ಲ. ಮಿತಿ 0.98ರಿಂದ 1.03. 1.03 ಮೀರಿದರೆ ಅಗ್ಗದ ಮನೆಗೆ ಹೆಚ್ಚು, ದುಬಾರಿ ಮನೆಗೆ ಕಡಿಮೆ ಬೆಲೆ ಕಟ್ಟಿದ್ದಾರೆ ಅಂತ. ಆದರೆ ಒಂದು ದೊಡ್ಡ ಬಂಗಲೆ ಸಾಕು ಪಿಆರ್‌ಡಿ ಓಲಾಡಿಸೋಕೆ, ಅದಕ್ಕೆ ಪಿಆರ್‌ಬಿಯನ್ನೂ (PRB, ಬೆಲೆ ಏರಿದಂತೆ ಅನುಪಾತ ಎಷ್ಟು ಬದಲಾಗುತ್ತೆ ಅನ್ನೋ ಅಳತೆ) ನೋಡಿ. ಅನುಪಾತದಿಂದ ಮಧ್ಯಾಂಕ ಕಳೆದು, ಮೈನಸ್ ಚಿಹ್ನೆ ಹಾಗೇ ಬಿಟ್ಟು, ಮಧ್ಯಾಂಕದಿಂದ ಭಾಗಿಸಿದರೆ ವೈ. ಮೌಲ್ಯವನ್ನು ಮಧ್ಯಾಂಕದಿಂದ ಭಾಗಿಸಿ, ಮಾರಾಟ ಬೆಲೆ ಕೂಡಿಸಿ, ಅರ್ಧ ಮಾಡಿ, ಅದರ ಎರಡರ ಆಧಾರದ ಲಾಗ್ ತೆಗೆದರೆ ಎಕ್ಸ್. ಸ್ಲೋಪ್ ಫಂಕ್ಷನ್ –0.17 ಕೊಡುತ್ತೆ, ಅದೇ ಪಿಆರ್‌ಬಿ: ಬೆಲೆ ದುಪ್ಪಟ್ಟಾದಾಗಲೆಲ್ಲ ಅನುಪಾತ ಸುಮಾರು 17% ಇಳಿಯುತ್ತೆ. ±0.05 ಒಳಗಿದ್ದರೆ ಸರಿ, ±0.10 ದಾಟಿದರೆ ಒಪ್ಪೋ ಹಾಗಿಲ್ಲ. ಐದೇ ಮನೆ ಇಟ್ಟುಕೊಂಡು ಕೌಂಟಿಯ ಮೇಲೆ ತೀರ್ಪು ಮಾತ್ರ ಕೊಡಬೇಡಿ.

ಮರುಪ್ರಶ್ನೆ
8.8 ಬಂತು, ಥ್ಯಾಂಕ್ಸ್. ಪೂರ್ತಿ ಕಡತದಲ್ಲಿ ಕೆಲವು ಅನುಪಾತ 30 ದಾಟಿವೆ, ಕೆಲವು 0.2. ಅಳಿಸಿಬಿಡಲಾ?

ಉತ್ತರ
ಮೊದಲು ಕ್ರಯಪತ್ರದ ಬಗೆ ನೋಡಿ. ನೆಂಟರ ನಡುವೆ ಹೆಸರಿಗಷ್ಟೇ ಬೆಲೆ ತೋರಿಸಿದ ವರ್ಗಾವಣೆ, ಶೆರಿಫ್ ಹರಾಜು (ಬಾಕಿ ವಸೂಲಿಗೆ ಮಾಡೋ ಬಲವಂತದ ಮಾರಾಟ) ಇವನ್ನು ಹೊರಗಿಡಿ. 0.2 ಇರೋದು ಬಹುಶಃ ಒಂದೇ ಕ್ರಯದಲ್ಲಿ ಹಲವು ನಿವೇಶನ ಮಾರಿದ್ದು: ಒಟ್ಟು ಬೆಲೆ ಪ್ರತಿ ಸಾಲಿಗೂ ಕೂತಿರುತ್ತೆ. ಅಳಿಸಬೇಡಿ, ಮೌಲ್ಯಗಳನ್ನು ಕೂಡಿಸಿ ಒಂದೇ ಸಾಲು ಮಾಡಿ. ಆಮೇಲೂ ಉಳಿದದ್ದರಲ್ಲಿ ಮೊದಲ ಚತುರ್ಥಕದಿಂದ (25% ಬಿಂದು) ಕೆಳಕ್ಕೆ ಅಥವಾ ಮೂರನೇ ಚತುರ್ಥಕದಿಂದ (75% ಬಿಂದು) ಮೇಲಕ್ಕೆ, ಆ ಎರಡರ ಅಂತರದ ಮೂರು ಪಟ್ಟಿಗಿಂತ ಆಚೆ ಇರೋದನ್ನು ತೆಗೆದು, ಎಷ್ಟು ತೆಗೆದಿರಿ ಅಂತ ಬರೆದಿಡಿ.

ಇನ್ನೊಬ್ಬರು
ಇದನ್ನೇ ಬೆಂಗಳೂರಿನ ಮಾರ್ಗಸೂಚಿ ದರಕ್ಕೆ ಮಾಡಬಹುದಾ?

ಉತ್ತರ
ಕ್ರಯಪತ್ರದ ಬೆಲೆ ಇಟ್ಟುಕೊಂಡರೆ ಆಗಲ್ಲ. ಕ್ರಯದ ಬೆಲೆ, ಮಾರ್ಗಸೂಚಿ ದರ ಎರಡರಲ್ಲಿ ಹೆಚ್ಚಿನದಕ್ಕೆ ಮುದ್ರಾಂಕ ಶುಲ್ಕ ಬೀಳೋದರಿಂದ ಪತ್ರದಲ್ಲಿ ದರದ ಹತ್ತಿರದ ಬೆಲೆಯನ್ನೇ ಬರೆಸ್ತಾರೆ. ಅನುಪಾತಗಳೆಲ್ಲ 1ರ ಸುತ್ತ ಗುಡ್ಡೆ ಬೀಳ್ತವೆ, ಸಿಓಡಿ ಚಂದ ಕಾಣುತ್ತೆ, ನೀವು ಅಳೆದದ್ದು ದರವನ್ನು ದರದಿಂದಲೇ. ಬ್ಯಾಂಕ್ ಹರಾಜಿನ ಬೆಲೆಯೂ ಬೇಡ, ಅದು ಒತ್ತಡದ ಮಾರಾಟ.