ಸಹಾಯ ಬೇಕು: ಹಿತ್ತಲಿನ ಸ್ಕೇಟ್‌ಬೋರ್ಡ್ ರ‍್ಯಾಂಪ್ ಉಳಿಸಿಕೊಳ್ಳುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ, ಮಗಳಿಗೂ ನೆರೆಯ ಮಕ್ಕಳಿಗೂ ಎಂದು ಪ್ಲೈವುಡ್‌ನಿಂದ ಕಟ್ಟಿರುವ ಮೂರಡಿ ಎತ್ತರದ ಸ್ಕೇಟ್‌ಬೋರ್ಡ್ ರ‍್ಯಾಂಪನ್ನು ತೆಗೆಯಬೇಕೆಂದು ಬಡಾವಣೆಯ ಮನೆಮಾಲೀಕರ ಸಂಘವು ನೋಟಿಸ್ ಕಳುಹಿಸಿದೆ. ಶಬ್ದ ಮತ್ತು ಅನುಮತಿಯಿಲ್ಲದ ನಿರ್ಮಾಣ ಎಂಬ ಎರಡು ಕಾರಣಗಳನ್ನು ಅದರಲ್ಲಿ ನೀಡಲಾಗಿದೆ.

ಇಂತಹ ಸಂಘಗಳಿಗೆ ಅನ್ವಯಿಸುವ ರಾಜ್ಯದ ಡೇವಿಸ್–ಸ್ಟರ್ಲಿಂಗ್ ಕಾಯ್ದೆಯ ಪ್ರಕಾರ ದಂಡ ವಿಧಿಸುವ ಸಭೆಗೆ ಕನಿಷ್ಠ 10 ದಿನ ಮೊದಲು ಸದಸ್ಯರಿಗೆ ಲಿಖಿತ ತಿಳಿವಳಿಕೆ ನೀಡಬೇಕು, ಅಲ್ಲಿ ಮಾತನಾಡುವ ಅವಕಾಶವನ್ನೂ ಕೊಡಬೇಕು. ಇಂತಹ ಸಭೆಯನ್ನು ಎದುರಿಸಿದವರು ಯಾವ ದಾಖಲೆಗಳನ್ನು ಒಯ್ದಿರಿ ಎಂದು ದಯವಿಟ್ಟು ತಿಳಿಸಿ. ಮನೆಯಂಗಳದ ಉಯ್ಯಾಲೆ ಮೊದಲಾದ ಆಟದ ಸಾಧನಗಳಿಗೆ ವಸತಿ ಕಟ್ಟಡ ಸಂಹಿತೆಯು ಪರವಾನಗಿಯಿಂದ ವಿನಾಯಿತಿ ನೀಡುತ್ತದೆ. ರ‍್ಯಾಂಪನ್ನೂ ಆ ವರ್ಗಕ್ಕೆ ಸೇರಿಸಿ ನಗರ ಕಚೇರಿಯಿಂದ ಯಾರಾದರೂ ಬರಹದಲ್ಲಿ ಉತ್ತರ ಪಡೆದಿದ್ದರೆ ಅದು ನಮಗೆ ಬಹಳ ನೆರವಾಗುತ್ತದೆ.

ಶಬ್ದದ ದೂರು ನ್ಯಾಯವಾದದ್ದೇ. ಒಳಗೆ ಟೊಳ್ಳಾಗಿರುವ ರ‍್ಯಾಂಪ್, ಚಕ್ರ ಉರುಳಿದಾಗಲೆಲ್ಲ ತಮಟೆಯಂತೆ ಮೊಳಗುತ್ತದೆ. ಹಲಗೆಗಳ ಕೆಳಗೆ ಶಬ್ದ ಹೀರುವ ಹಾಸು ತುಂಬಿ, ಹಿಂಬದಿಯನ್ನು ಮುಚ್ಚಿ, ಸಂಜೆಯ ನಂತರ ಆಟ ನಿಲ್ಲಿಸುವುದಾಗಿ ಬರೆದುಕೊಡಲು ಸಿದ್ಧರಿದ್ದೇವೆ. ತೇವಕ್ಕೆ ಪ್ಲೈವುಡ್ ಕೊಳೆಯದಂತೆ ಈ ಕೆಲಸ ಮಾಡುವ ಬಗೆಯನ್ನು ಬಡಗಿ ಕೆಲಸ ಬಲ್ಲವರು ತಿಳಿಸಬೇಕು.

1976–77ರ ಬರಗಾಲದಲ್ಲಿ ಬರಿದಾದ ಇದೇ ರಾಜ್ಯದ ಹಿತ್ತಲಿನ ಈಜುಕೊಳಗಳಲ್ಲಿ ಬೆಳೆದ ಈ ಆಟ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೂ ಸೇರಿತು ಎಂಬುದನ್ನು ಸಂಘದ ಮುಂದಿಡಲು ಬಯಸಿದ್ದೇವೆ. ಸಭೆ ಹತ್ತಿರವಿರುವುದರಿಂದ, ಈ ಬಗೆಯ ವ್ಯಾಜ್ಯಗಳನ್ನು ಬಲ್ಲ ವಕೀಲರ ಪರಿಚಯವಿರುವವರು ಬೇಗ ಸಂದೇಶ ಕಳುಹಿಸಬೇಕೆಂದು ವಿನಂತಿ.