ಆ್ಯಪ್ ದಿನಕ್ಕೆ 1200 ಕ್ಯಾಲೊರಿ ಎನ್ನುತ್ತಿದೆ, ಮುದ್ದೆ ಬಿಡಲೇ? ಆಹಾರ ತಜ್ಞೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಹಾಸನ): ನಮಸ್ಕಾರ ಮೇಡಂ. ನನಗೆ 41 ವರ್ಷ, ಎತ್ತರ 157 ಸೆಂ.ಮೀ., ತೂಕ 72 ಕಿಲೋ. ಥೈರಾಯ್ಡ್, ಸಕ್ಕರೆ ಎರಡೂ ಪರೀಕ್ಷೆಯಲ್ಲಿ ಸರಿಯಾಗಿವೆ. ಹೋದ ತಿಂಗಳಿನಿಂದ ಕ್ಯಾಲೊರಿ ಲೆಕ್ಕ ಇಡುವ ಆ್ಯಪ್ ಬಳಸುತ್ತಿದ್ದೇನೆ. ವಾರಕ್ಕೆ ಒಂದು ಕಿಲೋ ಇಳಿಸಬೇಕು ಎಂದು ಒತ್ತಿದೆ, ದಿನಕ್ಕೆ 1200 ಎಂದು ಬಂತು. ಮೊದಲ ವಾರ ಎರಡು ಕಿಲೋ ಇಳಿಯಿತು, ಆಮೇಲೆ ಮುಳ್ಳು ಅಲುಗಿಲ್ಲ. ಶಾಲೆ ಬಿಟ್ಟು ಮನೆಗೆ ಬರುವಷ್ಟರಲ್ಲಿ ತಲೆ ಸುತ್ತಿದಂತಾಗಿ, ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತೇನೆ. ಮುದ್ದೆಯನ್ನು ತೂಗಿ 250 ಗ್ರಾಂ ರಾಗಿ ಎಂದು ಹಾಕಿದರೆ ಒಂದೇ ಊಟಕ್ಕೆ 800 ತೋರಿಸುತ್ತದೆ. ಮುದ್ದೆ ಬಿಟ್ಟುಬಿಡಲೇ?

ಉತ್ತರ: ಮುದ್ದೆ ಬಿಡಬೇಡಿ. ನೀವು ತೂಗಿದ್ದು ಬೆಂದ ಮುದ್ದೆಯನ್ನು, ಆ್ಯಪ್ ಲೆಕ್ಕ ಹಾಕಿದ್ದು ಒಣ ಹಿಟ್ಟಿಗೆ. 250 ಗ್ರಾಂ ಮುದ್ದೆಯಲ್ಲಿ ಬಹುಪಾಲು ನೀರೇ ಇರುತ್ತದೆ. ಹಿಟ್ಟು ಎಂಬತ್ತು ಗ್ರಾಂ ಆಸುಪಾಸು. ನೂರು ಗ್ರಾಂ ರಾಗಿಹಿಟ್ಟಿಗೆ ಸುಮಾರು 320 ಕ್ಯಾಲೊರಿ ಎಂದರೆ ನಿಮ್ಮ ಮುದ್ದೆಗೆ 250ರಿಂದ 260. ಅನ್ನಕ್ಕೂ ಇದೇ ಗೊಂದಲ ಆಗುತ್ತದೆ. ನೂರು ಗ್ರಾಂ ಅಕ್ಕಿಗೆ 350ರಷ್ಟು, ನೂರು ಗ್ರಾಂ ಅನ್ನಕ್ಕೆ 130ರಷ್ಟು. ಅನ್ನ ತೂಗಿ ಅಕ್ಕಿ ಎಂದು ಹಾಕುವವರು, ಅಕ್ಕಿ ಅಳೆದು ಅನ್ನ ಎಂದು ಹಾಕುವವರು ಇಬ್ಬರೂ ನನ್ನ ಬಳಿ ಬರುತ್ತಾರೆ. ಮೊದಲಿನವರು ಹಸಿದುಕೊಂಡಿರುತ್ತಾರೆ, ಎರಡನೆಯವರು ತೂಕ ಏಕೆ ಇಳಿಯುತ್ತಿಲ್ಲ ಎಂದು ಕೊರಗುತ್ತಿರುತ್ತಾರೆ.

ಇನ್ನು 1200ರ ಮಾತು. ಈ ಸಂಖ್ಯೆ ಎಲ್ಲಿಂದ ಬಂತು ಎಂದು ಕಾಗದದ ಮೇಲೆ ಬಿಡಿಸಿ ನೋಡೋಣ. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವನ್ನು ಬಹಳಷ್ಟು ಆ್ಯಪ್‌ಗಳು ಬಳಸುತ್ತವೆ. ಅದರ ಪ್ರಕಾರ ಸುಮ್ಮನೆ ಮಲಗಿದ್ದರೂ ನಿಮ್ಮ ದೇಹಕ್ಕೆ ಸುಮಾರು 1335 ಕ್ಯಾಲೊರಿ ಬೇಕು. ನಿಂತು ಪಾಠ ಮಾಡುವುದು, ಮನೆಗೆಲಸ ಎಲ್ಲ ಸೇರಿದರೆ 1800 ದಾಟುತ್ತದೆ. ಒಂದು ಕಿಲೋ ಕೊಬ್ಬು ಕರಗಲು ಸರಿಸುಮಾರು 7700 ಕ್ಯಾಲೊರಿ ಕೊರತೆಯಾಗಬೇಕು ಎಂಬುದು ಆ್ಯಪ್‌ಗಳ ಲೆಕ್ಕ. ವಾರಕ್ಕೆ ಒಂದು ಕಿಲೋ ಎಂದರೆ ದಿನಕ್ಕೆ 1100 ಕಡಿತ. 1830ರಲ್ಲಿ 1100 ಕಳೆದರೆ ಉಳಿಯುವುದು 730. ಅಷ್ಟು ಕಡಿಮೆ ಹೇಳಬಾರದೆಂದು ಹೆಂಗಸರಿಗೆ 1200ಕ್ಕೆ ತಡೆ ಹಾಕಿರುತ್ತಾರೆ. ಹಾಗಾಗಿ 1200 ಎಂಬುದು ನಿಮಗೆಂದು ಅಳೆದು ಕೊಟ್ಟ ಊಟವಲ್ಲ, ಇದಕ್ಕಿಂತ ಕೆಳಗೆ ಇಳಿಯಬೇಡಿ ಎಂದು ಎಳೆದ ಗೆರೆ.

ಗುರಿಯನ್ನು ತಿಂಗಳಿಗೆ ಒಂದೂವರೆ ಕಿಲೋ ಎಂದು ಬದಲಿಸಿ. ದಿನದ ಲೆಕ್ಕ 1400ರಿಂದ 1450ಕ್ಕೆ ಏರುತ್ತದೆ. ನಿಧಾನ ಎನಿಸಬಹುದು, ಆದರೆ ಸಂಜೆ ಐದು ಗಂಟೆಯ ಆ ಹಸಿವು ನಿಮ್ಮ ಮನೋಬಲದ ಕೊರತೆಯಲ್ಲ, ಮಧ್ಯಾಹ್ನ ಸಾಲದೇ ಹೋದ ಊಟದ ಫಲ. ಮೊದಲ ವಾರದ ಎರಡು ಕಿಲೋದಲ್ಲಿ ಹೆಚ್ಚಿನದು ನೀರು. ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾಗುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತನ್ನೊಂದಿಗೆ ಮೂರು ಪಟ್ಟು ನೀರು ಹಿಡಿದಿಟ್ಟಿರುತ್ತದೆ. ಊಟ ಇಳಿಸಿದ ಕೂಡಲೇ ಅದು ಹೊರಟುಹೋಗುತ್ತದೆ. ಕೊಬ್ಬು ಕರಗುವುದು ಅದರ ನಂತರದ ಕೆಲಸ. ಮುಟ್ಟಿನ ಹಿಂದಿನ ವಾರ ನೀರು ನಿಂತು ತೂಕ ಏರುವುದೂ ಸಹಜ. ಹಾಗಾಗಿ ಒಂದು ದಿನದ ಅಂಕಿಯನ್ನು ನಂಬಬೇಡಿ, ವಾರದ ಸರಾಸರಿಯನ್ನು ಹಿಂದಿನ ತಿಂಗಳ ಅದೇ ವಾರದೊಂದಿಗೆ ಹೋಲಿಸಿ. ಸೊಂಟದ ಸುತ್ತಳತೆಯನ್ನೂ ಬರೆದಿಡಿ. ಭಾರತೀಯ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಎಚ್ಚರ ವಹಿಸಬೇಕು.

ತಲೆ ಸುತ್ತುವುದನ್ನು ಮಾತ್ರ ಹಸಿವು ಎಂದು ತಳ್ಳಿಹಾಕಬೇಡಿ. ಹಿಮೋಗ್ಲೋಬಿನ್ ಮತ್ತು ರಕ್ತದೊತ್ತಡವನ್ನು ಈ ವಾರವೇ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ (ಅವರೇ): ತುಂಬಾ ಉಪಕಾರವಾಯಿತು ಮೇಡಂ. ನಮ್ಮ ಮನೆಯಲ್ಲಿ ಅಡುಗೆ ಅತ್ತೆಯವರದು. ಒಗ್ಗರಣೆಗೆ ಎಣ್ಣೆ ಎಷ್ಟು ಹಾಕಿದಿರಿ ಎಂದು ದಿನವೂ ಕೇಳಿದರೆ ಅವರಿಗೆ ಬೇಸರವಾಗುತ್ತದೆ. ಆ್ಯಪ್‌ನಲ್ಲಿ ಹುರುಳಿಕಾಯಿ ಪಲ್ಯ ಎಂದು ಹುಡುಕಿದರೆ ಒಂದು ಬಟ್ಟಲಿಗೆ ಐದಾರು ಬೇರೆ ಬೇರೆ ಅಂಕಿ ಬರುತ್ತವೆ. ಯಾವುದನ್ನು ಒತ್ತಲಿ?

ಉತ್ತರ: ಯಾವುದನ್ನೂ ಒತ್ತಬೇಡಿ, ನಿಮ್ಮ ಮನೆಯ ಪಲ್ಯವನ್ನು ಒಮ್ಮೆ ನೀವೇ ಲೆಕ್ಕ ಹಾಕಿ ಉಳಿಸಿಕೊಳ್ಳಿ. ಮೈಫಿಟ್‌ನೆಸ್‌ಪಾಲ್‌ನಂಥ ಆ್ಯಪ್‌ಗಳ ಪಟ್ಟಿಯಲ್ಲಿ ಬಳಕೆದಾರರೇ ಸೇರಿಸಿದ ನಮೂದುಗಳು ಬಹಳ ಇರುತ್ತವೆ. 2012ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹೆಲ್ತಿಫೈಮಿಯಲ್ಲಿ ನಮ್ಮ ತಿಂಡಿ ಊಟಗಳ ಹೆಸರುಗಳು ಸಿಗುತ್ತವೆ. ಆದರೆ ನಿಮ್ಮ ಅತ್ತೆಯವರ ಕೈಯಳತೆ ಯಾವ ಆ್ಯಪ್‌ಗೂ ಗೊತ್ತಿರುವುದಿಲ್ಲ.

ನಾಲ್ಕು ಜನರ ಪಲ್ಯ ತೆಗೆದುಕೊಳ್ಳಿ. ಹುರುಳಿಕಾಯಿ 400 ಗ್ರಾಂ, ಅದರಿಂದ ಬರುವುದು ನೂರು, ಹೆಚ್ಚೆಂದರೆ ನೂರಿಪ್ಪತ್ತು ಕ್ಯಾಲೊರಿ. ಎಣ್ಣೆ ಮೂರು ಟೀ ಚಮಚ, 135. ಮೇಲೆ ಉದುರಿಸಿದ ಕಾಯಿತುರಿ 50 ಗ್ರಾಂ, 175ಕ್ಕೂ ಹೆಚ್ಚು. ಬಾಣಲೆಯಲ್ಲಿ ಕಣ್ಣಿಗೆ ಕಾಣುವುದೆಲ್ಲ ಹುರುಳಿಕಾಯಿ, ಕ್ಯಾಲೊರಿಯಲ್ಲಿ ಅದರ ಪಾಲು ಸುಮಾರು ಕಾಲುಭಾಗ. ಕಾಯಿ ಬೇಡವೆಂದು ನಾನು ಹೇಳುವುದಿಲ್ಲ. ಕಾಯಿಯಿಲ್ಲದ ಪಲ್ಯವನ್ನು ಮನೆಯವರು ಎಷ್ಟು ದಿನ ತಿಂದಾರು? ಐವತ್ತು ಗ್ರಾಂ ಇದ್ದದ್ದು ಇಪ್ಪತ್ತೈದಾದರೆ ರುಚಿ ಕೆಡುವುದಿಲ್ಲ.

ಅತ್ತೆಯವರನ್ನು ದಿನವೂ ಕೇಳುವ ಅಗತ್ಯವಿಲ್ಲ. ತಿಂಗಳಿಗೆ ಎಣ್ಣೆ ಎಷ್ಟು ತರುತ್ತೀರಿ ಎಂದು ನೋಡಿ. ನಾಲ್ಕು ಜನರಿಗೆ ಮೂರು ಲೀಟರ್ ಖರ್ಚಾದರೆ ತಲೆಗೆ ದಿನಕ್ಕೆ ಸುಮಾರು 23 ಗ್ರಾಂ, ಎಂದರೆ 200 ಕ್ಯಾಲೊರಿ ಮೀರಿತು. ಆ್ಯಪ್‌ನಲ್ಲಿ ಅದನ್ನು ಪ್ರತಿದಿನ ಒಂದೇ ಸಲ ಎಣ್ಣೆ ಎಂದು ಹಾಕಿ, ಹುಳಿ ಪಲ್ಯಗಳಿಗೆ ಬೇಳೆ, ತರಕಾರಿ, ಕಾಯಿ ಮಾತ್ರ ನಮೂದಿಸಿ. ಫೋಟೊ ತೆಗೆದರೆ ಕ್ಯಾಲೊರಿ ಹೇಳುವ ಸೌಲಭ್ಯವೂ ಈಗ ಬಂದಿದೆ, ಆದರೆ ಹುಳಿಯೊಳಗೆ ಬೆರೆತ ಎಣ್ಣೆ ಫೋಟೊದಲ್ಲಿ ಕಾಣುವುದಿಲ್ಲ. ಬಿಡಿ ಪದಾರ್ಥಗಳ ಅಂಕಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯನ್ನು ನಂಬಿ. ಅದರಲ್ಲಿ ನಮ್ಮ ನೆಲದ 528 ಆಹಾರಗಳ ವಿಶ್ಲೇಷಣೆ ಇದೆ.

ಹೀಗೆ ಮನೆಯ ಹತ್ತು ಹನ್ನೆರಡು ಅಡುಗೆ ಲೆಕ್ಕಕ್ಕೆ ಸಿಕ್ಕರೆ ಸಾಕು. ಆಮೇಲೆ ಆ್ಯಪ್ ಮುಚ್ಚಿಟ್ಟು ಕಣ್ಣಳತೆಯಲ್ಲಿ ಬಡಿಸಿಕೊಳ್ಳಿ. ಜೀವಮಾನವಿಡೀ ತುತ್ತು ಎಣಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಪ್ರಶ್ನೆ (ನಿವೃತ್ತಿಯ ಅಂಚಿನ ಬ್ಯಾಂಕ್ ಉದ್ಯೋಗಿ, ದಾವಣಗೆರೆ): ನನಗೆ 58. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ಮಗಳು ಆ್ಯಪ್ ಹಾಕಿಕೊಟ್ಟಿದ್ದಾಳೆ, ಅದರಲ್ಲಿ ಹದಿನಾರು ಗಂಟೆ ಉಪವಾಸದ ಯೋಜನೆ ಇದೆ. ಸೋಮವಾರದಿಂದ ಶುರು ಮಾಡಬಹುದೇ?

ಉತ್ತರ: ಬೇಡ ಸರ್. ಮೊದಲು ನಿಮ್ಮ ವೈದ್ಯರನ್ನು ಕಾಣಿ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಗ್ಲಿಮೆಪಿರೈಡ್ ನೀವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಬಿಡುಗಡೆ ಮಾಡಿಸುತ್ತದೆ. ಮಾತ್ರೆ ನುಂಗಿ ಉಪವಾಸ ಕುಳಿತರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಮಾತು. ಊಟ ಇಳಿಸುವ ಮೊದಲು ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಬೇಕು. ನೀವೇ ಮಾತ್ರೆ ಬಿಡುವುದೂ ಬೇಡ.

ಬೆವರು, ಕೈನಡುಕ, ಎದೆಬಡಿತ, ಮಂಕು ಕವಿದಂತಾಗುವುದು ಇವುಗಳಲ್ಲಿ ಯಾವುದಾದರೂ ಬಂದರೆ ಸಕ್ಕರೆ ನೋಡಿಕೊಳ್ಳಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮಗಳಿಗೂ ಇದನ್ನು ಓದಿಸಿ. ಆಕೆಯ ಕಾಳಜಿ ದೊಡ್ಡದು, ಆ್ಯಪ್‌ಗೆ ಮಾತ್ರ ನಿಮ್ಮ ಔಷಧಿ ಚೀಟಿ ಗೊತ್ತಿಲ್ಲ.

ಪ್ರಶ್ನೆ (ಬೆಂಗಳೂರು): ಕೈಗಡಿಯಾರ ನಾನು ನಡೆದು 350 ಕ್ಯಾಲೊರಿ ಕರಗಿಸಿದೆ ಎನ್ನುತ್ತದೆ. ಅಷ್ಟನ್ನು ಹೆಚ್ಚಿಗೆ ತಿನ್ನಬಹುದು ಎಂದು ಆ್ಯಪ್ ಹೇಳುತ್ತದೆ. ತಿನ್ನಬಹುದೇ?

ಉತ್ತರ: ಅಷ್ಟೂ ತಿನ್ನಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಕೈಪಟ್ಟಿಗಳನ್ನು ಪರೀಕ್ಷಿಸಿದರು. ಎದೆಬಡಿತವನ್ನು ಹೆಚ್ಚಿನವು ಸರಿಯಾಗಿಯೇ ಅಳೆದವು. ಕ್ಯಾಲೊರಿಯ ಲೆಕ್ಕದಲ್ಲಿ ಇದ್ದುದರಲ್ಲಿ ಉತ್ತಮವಾದದ್ದೂ ಸರಾಸರಿ ಶೇ 27ರಷ್ಟು ತಪ್ಪಿತು. ನಡಿಗೆಯನ್ನು ಊಟದ ಖಾತೆಗೆ ಜೋಡಿಸುವ ಆಯ್ಕೆಯನ್ನು ಆ್ಯಪ್‌ನಲ್ಲಿ ತೆಗೆದುಹಾಕಿ. ನಡಿಗೆ ನಿಲ್ಲಿಸಬೇಡಿ.

ಪ್ರಶ್ನೆ (ಒಬ್ಬ ತಾಯಿ, ಶಿವಮೊಗ್ಗ): ಮಗಳಿಗೆ 16. ಗೆಳತಿಯರನ್ನು ನೋಡಿ ಇಂಥದೇ ಆ್ಯಪ್ ಹಾಕಿಕೊಂಡಿದ್ದಾಳೆ. ದೋಸೆ ಅರ್ಧ ಬಿಟ್ಟು ಏಳುತ್ತಾಳೆ, ದಿನಕ್ಕೆ ಮೂರು ನಾಲ್ಕು ಸಲ ತೂಕ ನೋಡಿಕೊಳ್ಳುತ್ತಾಳೆ. ಎರಡು ತಿಂಗಳಿನಿಂದ ಮುಟ್ಟಾಗಿಲ್ಲ. ದಪ್ಪಗೇನೂ ಇಲ್ಲ. ಗದರಿಸಿದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ನಾನು ಏನು ಮಾಡಬೇಕು?

ಉತ್ತರ: ಅಮ್ಮಾ, ಇದು ತಡಮಾಡುವ ವಿಷಯವಲ್ಲ. ಗದರಿಸಬೇಡಿ, ಮೊಬೈಲ್ ಕಿತ್ತುಕೊಳ್ಳಲೂ ಹೋಗಬೇಡಿ. ಮುಟ್ಟು ನಿಂತಿರುವುದನ್ನೇ ಕಾರಣ ಮಾಡಿಕೊಂಡು ಸ್ತ್ರೀರೋಗ ತಜ್ಞರ ಬಳಿಗೋ ಮಕ್ಕಳ ವೈದ್ಯರ ಬಳಿಗೋ ಈ ವಾರದಲ್ಲೇ ಕರೆದುಕೊಂಡು ಹೋಗಿ. ಆ ಕಾರಣಕ್ಕೆ ಅವಳೂ ಒಪ್ಪುತ್ತಾಳೆ. ಊಟ, ತೂಕ ಎರಡರ ವಿಷಯವನ್ನೂ ವೈದ್ಯರಿಗೆ ಬಿಡಿಸಿ ಹೇಳಿ. ಹದಿನಾರರ ಮೈಗೆ ಮೂಳೆ ಗಟ್ಟಿಯಾಗಬೇಕಿರುತ್ತದೆ, ಊಟ ಕಡಿತಗೊಳಿಸುವ ಲೆಕ್ಕ ಆ ವಯಸ್ಸಿಗೆ ಸಲ್ಲದು. ತಿನ್ನುವುದರ ಭಯ ಒಳಗೆ ಬೇರೂರಿದ್ದರೆ ಮನೋವೈದ್ಯರ ನೆರವೂ ಬೇಕಾಗುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಮೊದಲು ನೀವೇ ಕರೆ ಮಾಡಿ ಕೇಳಿ. ಮನೆಯಲ್ಲಿ ಯಾರೂ ಅವಳ ಮೈಕಟ್ಟಿನ ಬಗ್ಗೆ, ಒಳ್ಳೆಯ ಮಾತಾದರೂ ಸರಿ, ಆಡದಿರಲಿ. ತೂಕದ ಯಂತ್ರವನ್ನು ಇಂದೇ ನೆಂಟರ ಮನೆಗೆ ಸಾಗಿಸಿ. ವೈದ್ಯರು ಏನು ಹೇಳಿದರೆಂದು ನನಗೆ ಖಾಸಗಿಯಾಗಿ ಬರೆಯಿರಿ, ಮುಂದಿನ ಊಟದ ವಿಚಾರವನ್ನು ಅವರ ಸಲಹೆಯ ಮೇಲೆ ಇಬ್ಬರೂ ಕೂಡಿ ನೋಡೋಣ.