ಮಳೆಯಲ್ಲಿ ನೆನೆದ ಬಂದೂಕನ್ನು ಕವರಿನಲ್ಲಿ ಇಟ್ಟಿದ್ದೆ, ಜಂಗು ಹಿಡಿದಿದೆ (ಪ್ರಶ್ನೋತ್ತರ)

ಪ್ರಶ್ನೆ, ಕಲಘಟಗಿ ಕಡೆಯಿಂದ:
ಕಾಕಾ, ನಮಸ್ಕಾರ. ನೀವು ಸೈನ್ಯದಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವರು ಆಗಿದ್ದವರು, ಈಗ ಹುಬ್ಬಳ್ಳಿಯಲ್ಲಿ ಲೈಸೆನ್ಸ್ ಇರುವ ಅಂಗಡಿಯಲ್ಲಿ ಬಂದೂಕು ರಿಪೇರಿ ಮಾಡುತ್ತೀರಿ ಅಂತ ಇಲ್ಲಿಯವರು ಹೇಳಿದರು. ನಮ್ಮದು ಬೆಳೆ ರಕ್ಷಣೆ ಲೈಸೆನ್ಸಿನ ಡಿಬಿಬಿಎಲ್ (ಜೋಡಿ ನಳಿಗೆಯ, ಹಿಂದಿನಿಂದ ತೋಟಾ ಹಾಕುವ ಬಂದೂಕು), 12 ಬೋರ್. ಅಪ್ಪನ ಕಾಲದ್ದು, ಲೈಸೆನ್ಸ್ ಈಗ ನನ್ನ ಹೆಸರಿನಲ್ಲಿದೆ. ಗೋವಿನಜೋಳ ತೆನೆ ಕಟ್ಟಿದೆ, ಹಂದಿ ಕಾಟ ಜಾಸ್ತಿ, ಹಾಗಾಗಿ ಮಘಾ ಮಳೆಯಲ್ಲಿ ಎರಡು ರಾತ್ರಿ ಹೊಲದ ಅಟ್ಟದ ಮೇಲೆ ಕೂತಿದ್ದೆ. ಬಂದೂಕು ಪೂರ್ತಿ ನೆನೆಯಿತು. ಮನೆಗೆ ಬಂದು ಟವೆಲ್ಲಿನಿಂದ ಒರೆಸಿ, ಕ್ಯಾನ್ವಾಸ್ ಕವರಿನಲ್ಲಿ ಹಾಕಿ ಗೋಡೆಗೆ ತೂಗುಹಾಕಿದೆ. ಐದು ದಿನ ಬಿಟ್ಟು ತೆಗೆದರೆ ನಳಿಗೆ ಮೇಲೆ ಎಳ್ಳು ಚೆಲ್ಲಿದ ಹಾಗೆ ಕೆಂಪು ಚುಕ್ಕಿ. ಒಂದು ಕಡೆ ನನ್ನ ಹೆಬ್ಬೆರಳಿನ ಗುರುತೇ ಜಂಗಾಗಿ ಮೂಡಿದೆ, ಗೆರೆ ಗೆರೆ ಕಾಣುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಮುಂದೆ ಏನು ಮಾಡಲಿ?

ಉತ್ತರ:
ತಮ್ಮಾ, ಮೊದಲು ಬಂದೂಕು ತೆರೆದು ಎರಡೂ ನಳಿಗೆ ಖಾಲಿ ಇದೆಯಾ ನೋಡು. ನಾನೇ ತೆಗೆದಿದ್ದೆ, ಗೊತ್ತು ಅನ್ನಬೇಡ. ಕಣ್ಣಿನಿಂದ ನೋಡು, ಬೆರಳು ಹಾಕಿ ನೋಡು. ಆಮೇಲೆ ಉಳಿದ ಮಾತು.

ನಿನ್ನ ಬಂದೂಕು ಹಾಳಾದದ್ದು ಹೊಲದಲ್ಲಿ ಅಲ್ಲ, ಕವರಿನಲ್ಲಿ. ಎರಡು ರಾತ್ರಿ ಮಳೆ ಬಿದ್ದರೂ ಬೆಳಿಗ್ಗೆ ಬಿಚ್ಚಿ ಒಣಗಿಸಿದ್ದರೆ ಏನೂ ಆಗುತ್ತಿರಲಿಲ್ಲ. ಕ್ಯಾನ್ವಾಸು ನೀರು ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆ ಕವರಿನಲ್ಲಿ ಕಬ್ಬಿಣ ಇಟ್ಟರೆ ಐದು ದಿನ ಒದ್ದೆ ಅರಿವೆ ಸುತ್ತಿ ಇಟ್ಟ ಹಾಗೇ ಆಯಿತು. ಮೇಲೆ ಹೆಬ್ಬೆರಳಿನ ಗುರುತು ಅಂದೆಯಲ್ಲ, ಅದು ಬೆವರಿನ ಉಪ್ಪು. ಉಪ್ಪು ಇದ್ದ ಕಡೆ ಗಾಳಿಯಲ್ಲಿನ ತೇವವೇ ಸಾಕು, ನೀರು ಬೀಳಬೇಕು ಅಂತ ಇಲ್ಲ. ರೆಕ್ಸಿನ್ ಕವರು, ಪ್ಲಾಸ್ಟಿಕ್ ಚೀಲ, ತೊಗಲಿನ ಕವರು ಎಲ್ಲಾ ಅದೇ ಕಥೆ, ತೊಗಲಿನಲ್ಲಂತೂ ಹದ ಮಾಡಿದ ಹುಳಿಯ (ಆಸಿಡ್) ಅಂಶವೂ ಇರುತ್ತದೆ. ಕವರು ಇರುವುದು ಒಯ್ಯಲಿಕ್ಕೆ, ಇಡಲಿಕ್ಕೆ ಅಲ್ಲ.

ಈಗ ಬಿಚ್ಚು. ನಳಿಗೆ ಕೆಳಗಿನ ಕಟ್ಟಿಗೆ ತೆಗೆ, ನಳಿಗೆ ಬೇರೆ ಮಾಡು. ಆ ಕಟ್ಟಿಗೆಯ ಒಳಗೆ ಮತ್ತು ಎರಡು ನಳಿಗೆ ಕೂಡುವ ಸಂದಿಯಲ್ಲಿ ನೀರು ಕೂತಿರುತ್ತದೆ, ಹೊರಗಿನಿಂದ ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ. ಫ್ಯಾನ್ ಗಾಳಿಗೆ ಇಡು. ಒಲೆ ಹತ್ತಿರ ಬೇಡ, ಬಿಸಿಲಿಗೂ ಬೇಡ, ಕಟ್ಟಿಗೆ ಸೀಳುತ್ತದೆ. ಒಬ್ಬರು ಬೇಗ ಒಣಗಲಿ ಅಂತ ಬೆಸುಗೆ ಹಾಕುವ ದೀಪ ಹಿಡಿದಿದ್ದರು. ಹಳೇ ಡಿಬಿಬಿಎಲ್ಲಿನ ನಳಿಗೆ ನಡುವಿನ ಪಟ್ಟಿ ಎಷ್ಟೋ ಬಂದೂಕಿನಲ್ಲಿ ಬರೀ ಸೀಸ-ತವರದ ಬೆಸುಗೆಯಲ್ಲಿ ನಿಂತಿರುತ್ತದೆ, 190 ಡಿಗ್ರಿ ಆಸುಪಾಸಿನಲ್ಲೇ ಅದು ಕರಗುತ್ತದೆ. ನಾನು ನೋಡುವಷ್ಟರಲ್ಲಿ ಪಟ್ಟಿ ಎದ್ದಿತ್ತು. ಅಷ್ಟು ಒಳ್ಳೆಯ ಬಂದೂಕು, ಈಗಲೂ ನೆನೆದರೆ ಸಂಕಟ ಆಗುತ್ತದೆ.

ಒಣಗಿದ ಮೇಲೆ ಗಜಕ್ಕೆ (ನಳಿಗೆಯೊಳಗೆ ತೂರಿಸುವ ಉದ್ದ ಕೋಲು) ಹಿತ್ತಾಳೆ ಬ್ರಷ್ ಹಾಕಿ ನಳಿಗೆ ಉಜ್ಜು. ತೋಟಾ ಕೂರುವ ಕಡೆಯಿಂದ ಬಾಯಿ ಕಡೆಗೆ ತಳ್ಳು, ಕೊಳೆ ಒಳಗಿನ ಭಾಗಕ್ಕೆ ಬೀಳಬಾರದು. ಆಮೇಲೆ ಹತ್ತಿಯ ಚಿಂದಿ. ಬಿಳಿಯಾಗಿ ಹೊರಗೆ ಬರುವವರೆಗೆ ಚಿಂದಿ ಬದಲಿಸು. ಎಷ್ಟು ಒಳಗೆ ಹೋದವು, ಎಷ್ಟು ಹೊರಗೆ ಬಂದವು ಎಣಿಸು. ಒಂದು ಚಿಂದಿ ಒಳಗೆ ಉಳಿದು ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು.

ಹೊರಗಿನ ಚುಕ್ಕಿಗೆ ಮರಳು ಕಾಗದ ಮುಟ್ಟಿಸಬೇಡ. ನಳಿಗೆಯ ಕಪ್ಪು-ನೀಲಿ ಬಣ್ಣ ಇದೆಯಲ್ಲ, ಅದು ಪೇಂಟ್ ಅಲ್ಲ. ಕಬ್ಬಿಣದ ಮೇಲೆ ಬೇಕಂತಲೇ ತರಿಸಿದ ತೆಳು ಪದರ. ಅದು ಹೋದರೆ ಮುಂದಿನ ಮಳೆಗೆ ಜಂಗು ಇನ್ನೂ ಬೇಗ ಬರುತ್ತದೆ. ಚುಕ್ಕಿ ಮೇಲೆ ಎಣ್ಣೆ ಹಾಕಿ ಒಂದು ರಾತ್ರಿ ಬಿಡು. ಮರುದಿನ ಹಳೇ ತಾಮ್ರದ ಕಾಸಿನ ಅಂಚಿನಿಂದ ಮೆಲ್ಲಗೆ ಕೆರೆ. ತಾಮ್ರ ಉಕ್ಕಿಗಿಂತ ಮೆತ್ತಗೆ, ಜಂಗು ಏಳುತ್ತದೆ, ನಳಿಗೆಗೆ ಗೀರು ಬೀಳುವುದಿಲ್ಲ.

ಮತ್ತೆ ಅದೇ ಕಲಘಟಗಿಯವರು:
ಎಣ್ಣೆ ಯಾವುದು ಕಾಕಾ? ಕೊಬ್ಬರಿ ಎಣ್ಣೆ ತಪ್ಪಾಯ್ತಾ? ಅಪ್ಪ ಕುಸುಬೆ ಎಣ್ಣೆ ಹಾಕುತ್ತಿದ್ದರು.

ಉತ್ತರ:
ಕೊಬ್ಬರಿ ಎಣ್ಣೆ ಒರೆಸಿ ತೆಗೆ. ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ ಅಲ್ವಾ, ಅಷ್ಟೊತ್ತಿಗೆ ಅದರಲ್ಲಿ ಹುಳಿ ಹುಟ್ಟಿರುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ ಬೇರೆ. ಕುಸುಬೆ ಎಣ್ಣೆ ರೊಟ್ಟಿ ಪಲ್ಯಕ್ಕೆ ಬಹಳ ಒಳ್ಳೆಯದು, ಬಂದೂಕಿಗೆ ಬೇಡ. ಅದು ಗಾಳಿಗೆ ಒಣಗಿ ಅಂಟಾಗುವ ಜಾತಿಯ ಎಣ್ಣೆ. ಹಳೇ ಒಗ್ಗರಣೆ ಬಾಣಲೆಯ ಅಂಚಿನಲ್ಲಿ ಕಂದು ಬಣ್ಣದ ಜಿಗುಟು ಕೂತಿರುತ್ತದಲ್ಲ, ಅಂಥದ್ದೇ ಪದರ ತೋಟಾಕ್ಕೆ ಹೊಡೆದು ಹೊತ್ತಿಸುವ ಫೈರಿಂಗ್ ಪಿನ್ನಿನ ರಂಧ್ರದಲ್ಲಿ ಕೂರುತ್ತದೆ. ಪಿನ್ನು ಸರಿಯಾಗಿ ಹೊಡೆಯುವುದಿಲ್ಲ, ಇಲ್ಲವೇ ಮುಂದೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡನೆಯದು ಬಹಳ ಅಪಾಯ.

ಹೊಲಿಗೆ ಯಂತ್ರದ ಎಣ್ಣೆ ಸಾಕು. ಯಾವ ಪೇಟೆಯಲ್ಲೂ ಸಿಗುತ್ತದೆ. ಡಬ್ಲ್ಯೂಡಿ-40 ನೀರು ಓಡಿಸಲಿಕ್ಕೆ ಒಳ್ಳೆಯದು, 1953ರಲ್ಲಿ ಅದನ್ನು ಮಾಡಿದ್ದೇ ಆ ಕೆಲಸಕ್ಕೆ. ಆದರೆ ಅದು ತಿಂಗಳುಗಟ್ಟಲೆ ಕಾಯುವ ಎಣ್ಣೆ ಅಲ್ಲ. ಮೊದಲು ಅದನ್ನು ಹೊಡೆದು ಒರೆಸು, ಆಮೇಲೆ ಮಷೀನ್ ಎಣ್ಣೆ ಹಚ್ಚು. ಸೀಮೆಎಣ್ಣೆ ಕೊಳೆ ತೆಗೆಯುತ್ತದೆ, ಆರಿದ ಮೇಲೆ ಕಬ್ಬಿಣ ಬರಿಮೈ ಉಳಿಯುತ್ತದೆ. ಟ್ರ್ಯಾಕ್ಟರಿನಿಂದ ತೆಗೆದ ಕರಿ ಎಣ್ಣೆ ಬೇಡವೇ ಬೇಡ, ಅದರಲ್ಲಿ ಹುಳಿಯೂ ಮಸಿಯೂ ಇರುತ್ತದೆ.

ಎಣ್ಣೆ ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ಸುರಿಯಬೇಡ. ಕೈಗೆ ಜಿಡ್ಡು ತಗಲಬೇಕು, ಹನಿ ನಿಲ್ಲಬಾರದು. ತೋಟಾ ಹಾಕುವ ಮೊದಲು ನಳಿಗೆ ಮತ್ತು ತೋಟಾ ಕೂರುವ ಜಾಗ ಒಣ ಚಿಂದಿಯಿಂದ ಒರೆಸಲೇಬೇಕು. ಎಣ್ಣೆ ತೋಟಾದ ಹಿಂಬದಿಯಲ್ಲಿ ಕಿಡಿ ಕೊಡುವ ಕೇಪಿನೊಳಗೆ ಇಳಿದರೆ ಹೊತ್ತಿಕೊಳ್ಳುವುದಿಲ್ಲ. ಇನ್ನೊಂದು, ಬಂದೂಕು ನಿಲ್ಲಿಸಿ ಇಡುವುದಾದರೆ ನಳಿಗೆಯ ಬಾಯಿ ಕೆಳಗೆ ಬರಲಿ, ಅಡಿಗೆ ಅರಿವೆ ಮಡಚಿ ಹಾಕು. ಬಾಯಿ ಮೇಲಿದ್ದರೆ ಎಣ್ಣೆ ನಿಧಾನವಾಗಿ ಇಳಿದು ಹಿಡಿಯ ಕಟ್ಟಿಗೆಗೆ ಸೇರುತ್ತದೆ. ಹಳೇ ಬಂದೂಕಿನಲ್ಲಿ ಕಟ್ಟಿಗೆ ಕಬ್ಬಿಣಕ್ಕೆ ಕೂಡುವ ಕಡೆ ಕಪ್ಪಗೆ ಮೆತ್ತಗೆ ಆಗಿರುತ್ತದೆ, ನೋಡಿರಬೇಕು. ಅದಕ್ಕೆ ಕಾರಣ ಇದೇ.

ಕಟ್ಟಿಗೆಗೆ ಮಾತ್ರ ನಮ್ಮ ಅಗಸೆ ಎಣ್ಣೆಯೇ ಸರಿ. ಒಣಗಿ ಪದರ ಕಟ್ಟುವ ಗುಣ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಅಂಗೈಯಲ್ಲಿ ಎರಡು ಹನಿ ಹಾಕಿ ಬಿಸಿಯಾಗುವವರೆಗೆ ತಿಕ್ಕು, ಉಳಿದದ್ದು ಒರೆಸಿಬಿಡು. ಒರೆಸಿದ ಅರಿವೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ಅಗಸೆ ಎಣ್ಣೆಯ ಅರಿವೆ ತಾನಾಗಿಯೇ ಕಾದು ಬೆಂಕಿ ಹಿಡಿಯುತ್ತದೆ. ಬಿಡಿಸಿ ಹೊರಗೆ ಒಣಹಾಕು.

ಪ್ರಶ್ನೆ, ಹಾನಗಲ್ಲಿನಿಂದ:
ಸರ್, ನಮ್ಮದು ಎಸ್‌ಬಿಎಂಎಲ್, ಒಂದೇ ನಳಿಗೆಯದು, ಬಾಯಿಂದ ಮದ್ದು ತುಂಬುವುದು. ಹಾರಿಸಿದ ಮೇಲೆ ಎಣ್ಣೆ ಚಿಂದಿ ಹಾಕಿ ಒರೆಸುತ್ತೇನೆ. ಆದರೂ ಎರಡು ದಿನಕ್ಕೆ ನಳಿಗೆ ಒಳಗೆ ಕೆಂಪಾಗುತ್ತದೆ. ಲೈಸೆನ್ಸ್ ಸರಿಯಾಗಿದೆ.

ಉತ್ತರ:
ಯಜಮಾನ್ರೆ, ನಿಮಗೆ ಎಣ್ಣೆಗಿಂತ ಮೊದಲು ನೀರು ಬೇಕು. ಕರಿ ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಸುಟ್ಟ ಮೇಲೆ ಉಳಿಯುವ ಬೂದಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಳೇ ನಮೂನೆಯ ಕೇಪು ಸುಟ್ಟರೆ ಉಪ್ಪಿನ ಜಾತಿಯ ಪದಾರ್ಥವೇ ಉಳಿಯುತ್ತದೆ. ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ನೀವು ಉಪ್ಪಿನ ಮೇಲೆ ಎಣ್ಣೆ ಮುಚ್ಚುತ್ತಿದ್ದೀರಿ, ಕೆಳಗೆ ಅದರ ಕೆಲಸ ನಡೆದೇ ಇರುತ್ತದೆ. ಹಾರಿಸಿದ ದಿನವೇ ಬಿಸಿನೀರು, ಸ್ವಲ್ಪ ಸೋಪು, ಕೇಪು ಕೂರುವ ನಿಪ್ಪಲ್ ಬಿಚ್ಚಿ ಅದನ್ನೂ ತೊಳೆಯಿರಿ. ನೀರು ಬಿಸಿ ಇದ್ದಷ್ಟು ನಳಿಗೆ ಬೇಗ ಆರುತ್ತದೆ. ಪೂರ್ತಿ ಒಣಗಿದ ಮೇಲೆ ಎಣ್ಣೆ.

ಆದರೆ ತೊಳೆಯುವ ಮೊದಲು ಅದರಲ್ಲಿ ಮದ್ದು ತುಂಬಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಈ ಬಂದೂಕು ತೆರೆದು ನೋಡಲು ಬರುವುದಿಲ್ಲ. ಬಾಯಿಗೆ ಮುಖ, ಕೈ ಅಡ್ಡ ಬರದ ಹಾಗೆ ಪಕ್ಕದಲ್ಲಿ ನಿಂತು ಗಜ ತಳದವರೆಗೆ ಬಿಡಿ, ಬಾಯಿಯ ಹತ್ತಿರ ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ಗಜದ ತುದಿ ನಿಪ್ಪಲ್ ಹತ್ತಿರ ಬಂದರೆ ಖಾಲಿ. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಆಗ ಕೇಪು ಹಾಕಬೇಡಿ, ಕೆದಕಬೇಡಿ, ಅಂಗಡಿಗೆ ಫೋನ್ ಮಾಡಿ.

ಪ್ರಶ್ನೆ, ರೋಣದಿಂದ:
ನಮ್ಮ ಗದಗ ಜಿಲ್ಲೆ ಕಡೆ ನಿಮ್ಮಷ್ಟು ಮಳೆ ಎಲ್ಲಿದೆ ಸರ್. ಬಂದೂಕಿಗೆ ಏನೂ ಆಗಿಲ್ಲ. ತೋಟಾ ಮಾತ್ರ ಹಿತ್ತಾಳೆ ಕಡೆ ಹಸಿರು ಹಿಡಿದಿವೆ, ಎರಡರಲ್ಲಿ ಕೂದಲೆಳೆ ಹಾಗೆ ಬಿರುಕು ಕಾಣುತ್ತಿದೆ. ಗೊಬ್ಬರದ ಕೋಣೆಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಗೋಡೆ ಆಚೆ ಎತ್ತು ಕಟ್ಟುತ್ತೇವೆ.

ಉತ್ತರ:
ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಯೂರಿಯಾ ಮತ್ತು ದನದ ಗಂಜಲ, ಎರಡರಿಂದಲೂ ಅಮೋನಿಯಾ ಬರುತ್ತದೆ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ಮೂಗಿಗೆ ಹೊಡೆಯುವುದು ಅದೇ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಇದು ಆಗಿತ್ತು. ಮಳೆಗಾಲದಲ್ಲಿ ಸೈನ್ಯದ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು, ಮಳೆ ಮುಗಿದು ತೆಗೆದರೆ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಕಾರಣ ಕುದುರೆ ಗಂಜಲದ ಅಮೋನಿಯಾ, ಜೊತೆಗೆ ಹಿತ್ತಾಳೆಯನ್ನು ಎಳೆದು ತೋಟಾ ಮಾಡುವಾಗ ಅದರೊಳಗೆ ಉಳಿದ ಬಿಗಿ ಅಂತ 1921ರಲ್ಲಿ ಪತ್ತೆಯಾಯಿತು. ನಾನು ಟ್ರೇನಿಂಗಿನಲ್ಲಿ ಕೇಳಿದ್ದೆ. ನಿಮ್ಮ ಕಪಾಟಿನಲ್ಲಿ ಆಗಿರುವುದೂ ಅದೇ ಅಂತ ಕಾಣುತ್ತದೆ.

ಬಿರುಕು ಬಿಟ್ಟದ್ದು, ಹಸಿರು ಹಿಡಿದದ್ದು ಹಾರಿಸಬೇಡಿ. ಲೈಸೆನ್ಸ್ ತೋರಿಸಿ ಅಂಗಡಿಯಲ್ಲಿ ಕೊಡಿ. ಉಳಿದವನ್ನು ಅಲ್ಲಿಂದ ತೆಗೆದು ಮನೆಯೊಳಗೆ ಬೀಗದಲ್ಲಿ ಇಡಿ. ಕಾಳಿನ ಕೋಣೆಯೂ ಬೇಡ, ಯಾಕೆಂದರೆ ಹುಳಕ್ಕೆ ಹಾಕುವ ಸೆಲ್ಫಾಸ್ ಗುಳಿಗೆಯ ಗಾಳಿ ತಾಮ್ರ ಹಿತ್ತಾಳೆ ತಿನ್ನುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ. ನೀಲಿ ಹರಳು ಗುಲಾಬಿ ಆದರೆ ತೇವ ಕುಡಿದು ತುಂಬಿದೆ ಅಂತ ಅರ್ಥ. ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ, ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ. ಬದಲಿಸಿಬಿಡಿ.

ಪ್ರಶ್ನೆ, ರಾಣೆಬೆನ್ನೂರಿನಿಂದ:
ಅಣ್ಣಾ, ಅಪ್ಪ ತೀರಿಕೊಂಡು ಮೂರು ತಿಂಗಳಾಯಿತು. ಅವರ ಬಂದೂಕು ಟ್ರಂಕಿನಲ್ಲಿದೆ. ಪ್ರತಿ ವರ್ಷ ಖಂಡೇ ಪೂಜೆಗೆ (ಆಯುಧ ಪೂಜೆ) ಅವರೇ ತೆಗೆಯುತ್ತಿದ್ದರು. ನಾನು ತೆಗೆದು ಎಣ್ಣೆ ಹಚ್ಚಬಹುದಾ? ಜಂಗು ಹಿಡಿದರೆ ಮನಸ್ಸಿಗೆ ಬೇಜಾರು.

ಉತ್ತರ:
ತಂಗೀ, ನಿನ್ನ ಬೇಜಾರು ಅರ್ಥ ಆಗುತ್ತದೆ. ಆದರೆ ಲೈಸೆನ್ಸ್ ಅಪ್ಪನ ಹೆಸರಿನದು. ಅವರು ಹೋದ ಮೇಲೆ ಆ ಬಂದೂಕು ಮನೆಯಲ್ಲಿ ಇಡುವಂತಿಲ್ಲ, 1959ರ ಆಯುಧ ಕಾಯ್ದೆ ಪ್ರಕಾರ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ತಡ ಮಾಡದೆ ಡಿಪಾಸಿಟ್ ಮಾಡಬೇಕು. ನೀನೇ ಎತ್ತಿಕೊಂಡು ಹೋಗಬೇಡ. ತುಂಬಿದೆಯೋ ಖಾಲಿಯೋ ಗೊತ್ತಿಲ್ಲದ ಬಂದೂಕು ಅದು. ಮೊದಲು ಠಾಣೆಗೆ ಹೋಗಿ ಹೇಳು, ಅವರು ಹೇಳಿದ ಹಾಗೆ ಮಾಡು. ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಲು ಅವಕಾಶ ಇದೆ, ಅರ್ಜಿ ಹಾಕು. ನಿನ್ನ ಹೆಸರಿಗೆ ಬಂದ ದಿನ ತಗೊಂಡು ಬಾ, ಒರೆಸುವುದು ಹೇಗೆ ಅಂತ ಕೂತು ತೋರಿಸುತ್ತೇನೆ. ಪೂಜೆಯ ಮಾತು ಬಂತು ಅಂತ ಎಲ್ಲರಿಗೂ ಹೇಳುತ್ತೇನೆ: ವಿಭೂತಿ, ಕುಂಕುಮ ಹಿಡಿಯ ಕಟ್ಟಿಗೆಗೆ ಹಚ್ಚಿ, ನಳಿಗೆಗೆ ಬೇಡ. ಕಾಯಿ ಒಡೆದಾಗ ನೀರು ಸಿಡಿದಿದ್ದರೆ ಅವತ್ತೇ ಒರೆಸಿ. ಹಾಗೇ ಬಿಟ್ಟು ದೀಪಾವಳಿಗೆ ತೆಗೆದರೆ ಹನಿ ಬಿದ್ದ ಕಡೆಯೆಲ್ಲ ಚುಕ್ಕಿ ಇರುತ್ತದೆ.

ಪ್ರಶ್ನೆ, ಶಿಗ್ಗಾಂವಿ ಕಡೆಯಿಂದ:
ಎಲೆಕ್ಷನ್ ಬಂದಾಗ ಬಂದೂಕು ಡಿಪಾಸಿಟ್ ಮಾಡುತ್ತೇವೆ. ಹೋದ ಸಲ ಒಂದು ಕಡೆ ಇಟ್ಟಿದ್ದೆ, ವಾಪಸ್ ಬರುವಾಗ ಬಂದೂಕು ತೆರೆಯುವ ಲಿವರ್ ಅಲುಗಾಡುತ್ತಿರಲಿಲ್ಲ. ಯಾರನ್ನು ಕೇಳುವುದು?

ಉತ್ತರ:
ಕೊಡುವ ಮುಂಚೆ ಕೆಲಸ ಮಾಡಿಕೊಳ್ಳಿ. ನಳಿಗೆ ಒಳಗೆ ಹೊರಗೆ ತೆಳ್ಳಗೆ ಗ್ರೀಸ್ ಬಳಿಯಿರಿ. ಕವರಿಲ್ಲದೆ ತಗೊಳ್ಳುವುದಿಲ್ಲ ಅಂದರೆ ಒಣ ಹತ್ತಿ ಅರಿವೆಯ ಚೀಲ ಹೊಲಿಸಿ ಕೊಡಿ. ರಸೀದಿಯಲ್ಲಿ ಬಂದೂಕಿನ ನಂಬರ್ ಜೊತೆ ಸ್ಥಿತಿಯನ್ನೂ ಬರೆಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಬಿಡಿಸಿಕೊಳ್ಳಿ ಅಂದ ದಿನವೇ ಹೋಗಿ. ಎಷ್ಟೋ ಜನ ಬಿತ್ತನೆ ಮುಗಿಯಲಿ ಅಂತ ಮಳೆಗಾಲ ಪೂರ್ತಿ ಅಲ್ಲೇ ಬಿಡುತ್ತಾರೆ. ಲಿವರ್ ಹೊಡೆದು ತೆಗೆಯಬೇಡಿ, ತಂದು ತೋರಿಸಿ.

ಇನ್ನೊಂದು ಮಾತು ಎಲ್ಲರಿಗೂ. ಬೆಳೆ ರಕ್ಷಣೆ ಲೈಸೆನ್ಸ್ ಬೇಟೆ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಅನುಮತಿ ಇಲ್ಲದೆ ಹಂದಿ ಹೊಡೆದರೂ ಕೇಸೇ. ಬೆಳೆ ಹಾನಿ ಆದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಮತ್ತೆ ಕಲಘಟಗಿಯವರು, ಮೂರು ದಿನ ಬಿಟ್ಟು:
ಕಾಕಾ, ನೀವು ಹೇಳಿದ ಹಾಗೆ ಕೆಳಗಿನ ಕಟ್ಟಿಗೆ ಬಿಚ್ಚಿದೆ. ಒಳಗೆ ಇನ್ನೂ ಹಸಿ ಇತ್ತು, ಒಂದು ಗೋವಿನಜೋಳದ ಗರಿಯ ಚೂರು ಕೊಳೆತು ಅಂಟಿಕೊಂಡಿತ್ತು. ಎಲ್ಲಾ ಒಣಗಿಸಿದೆ. ತಾಮ್ರದ ಕಾಸಿಗೆ ಕೆಂಪು ಹೋಯಿತು, ಹೆಬ್ಬೆರಳಿನ ಗುರುತು ಬೂದು ಬಣ್ಣವಾಗಿ ಉಳಿದಿದೆ.

ಉತ್ತರ:
ಬೂದು ಉಳಿದರೆ ಉಳಿಯಲಿ, ಮತ್ತೆ ತಿಕ್ಕಬೇಡ. ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ಒಳಗೆ ನೋಡಿದೆಯಾ?

ಕಲಘಟಗಿಯವರು:
ನೋಡಿದೆ. ಬಲಗಡೆಯದು ಕನ್ನಡಿ ಹಾಗೆ ಇದೆ. ಎಡಗಡೆ, ತೋಟಾ ಕೂರುವ ಜಾಗದ ಸ್ವಲ್ಪ ಮುಂದೆ ಮೂರು ಕಪ್ಪು ಚುಕ್ಕಿ. ಉಜ್ಜಿದರೂ ಹೋಗಲಿಲ್ಲ.

ಉತ್ತರ:
ಅದು ಕುಳಿ ಬಿದ್ದಿದೆ. ಹಾರಿಸಿದಾಗ ಒತ್ತಡ ಎಲ್ಲಕ್ಕಿಂತ ಜಾಸ್ತಿ ಬೀಳುವ ಜಾಗ ಅದು. ಎಡಗಡೆಯದನ್ನೂ ಬಲಗಡೆಯದನ್ನೂ ಈಗ ಹಾರಿಸಬೇಡ. ಗೇಜ್ ಹಾಕಿ ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ಅಳೆಯೋಣ. ಸೋಮವಾರ ಬಾ. ಲೈಸೆನ್ಸ್ ಪುಸ್ತಕ ಜೊತೆಗಿರಲಿ, ತೋಟಾ ಮನೆಯಲ್ಲೇ ಬಿಡು, ನಳಿಗೆ ಬಿಚ್ಚಿಯೇ ತಾ. ಆ ಹಳೇ ಕವರಿನಲ್ಲಿ ಹಾಕಬೇಡ, ಒಣ ಧೋತರದಲ್ಲಿ ಸುತ್ತಿಕೊಂಡು ಬಾ.